ಒಬ್ದುಲಿಯಾ ಅತ್ತೆಯ ಕೊನೆಯ ಅರ್ಧಚಕ್ರ

ಒಬ್ದುಲಿಯಾ ಅತ್ತೆ ಇನ್ನು ಮುಂದೆ ಸಿಗಾರ್ ಸುತ್ತುವುದಿಲ್ಲ ಎಂಬ ಸುದ್ದಿ ಬಂದಾಗ ಎವಾರಿಸ್ತೋ ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದ. ಹೆಂಡತಿ ನೀವೆಸ್ ಬಂದು ಹೊರಗೆ ಚಾಚಿಕೊಂಡಿದ್ದ ಅವನ ಕಾಲನ್ನು ಕಾಲಿನಿಂದಲೇ ತಿವಿದಳು.

"ಅತ್ತೆ ಕರೀತಿದಾಳೆ. ಐವತ್ತು ಸುತ್ತಿ ರಿಬ್ಬನ್ ಕಟ್ಟಿದಾಳಂತೆ. ಅದೇ ಕೊನೇದಂತೆ. ಅನ್ಸೆಲ್ಮೋಗೂ ಹೇಳಿಕಳಿಸಿದಾಳೆ."

"ಅವನಿಗ್ಯಾಕೆ?" ಎಂದು ಟ್ರ್ಯಾಕ್ಟರಿನ ಹೊಟ್ಟೆಯೊಳಗಿಂದ ದನಿ ಬಂತು.

"ನನ್ನ ಕೇಳಿದ್ರೆ? ನಿನ್ನ ಅತ್ತೆ, ನಿನ್ನ ದಾಯಾದಿ. ನಾನು ಬೇರೆ ಮನೆಯವಳು."

ಎವಾರಿಸ್ತೋ ಹೊರಗೆ ಬಂದ. ಮೊಳಕೈವರೆಗೆ ಗ್ರೀಸು, ಹಲ್ಲಿನ ನಡುವೆ ಆರಿಹೋದ ಚುಟ್ಟ. ಐವತ್ನಾಲ್ಕು ವರ್ಷದ ಆಳು. ಸಿಟ್ಟು ಮೂಗಿನ ತುದಿಯಲ್ಲಲ್ಲ, ಚುಟ್ಟದ ತುದಿಯಲ್ಲೇ ಇತ್ತು. ಹಚ್ಚಿದರೆ ತಣ್ಣಗಾಗುತ್ತಿತ್ತು, ಆರಿದರೆ ಏರುತ್ತಿತ್ತು.

ದಾಯಾದಿಗಳಿಬ್ಬರಿಗೂ ಸೋದರತ್ತೆಯಾದ ಒಬ್ದುಲಿಯಾ ಸಾನ್ ಲೂಯಿಸ್ ಊರಿನ ಕಾರ್ಖಾನೆಯಲ್ಲಿ ಐವತ್ತೊಂದು ವರ್ಷ ಸಿಗಾರ್ ಸುತ್ತಿದವಳು. ನಿವೃತ್ತಿಯಾದ ಮೇಲೂ ಸುಮ್ಮನೆ ಕೂರಲಿಲ್ಲ. ಪಕ್ಕದ ಹೊಲದವನು ಕೊಡುವ ಎಲೆ ತಂದು ಮನೆಯ ಜಗುಲಿಯಲ್ಲೇ ಹಲಗೆ ಹಾಕಿಕೊಂಡಳು. ಇಪ್ಪತ್ತು ವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನ ಎವಾರಿಸ್ತೋ ಅಲ್ಲಿಗೆ ಹೋಗುತ್ತಿದ್ದ. ಪಂಪಿನ ವಾಷರು, ಫ್ರಿಜ್ಜಿನ ಬಾಗಿಲು, ಹೊಲಿಗೆ ಯಂತ್ರದ ಬೆಲ್ಟು, ಏನೋ ಒಂದು ಕೆಟ್ಟಿರುತ್ತಿತ್ತು. ಕೆಡದಿದ್ದರೆ ಅತ್ತೆಯೇ ಕೆಡಿಸಿಟ್ಟಿರುತ್ತಿದ್ದಳು ಎಂದು ನೀವೆಸ್ ಹೇಳುತ್ತಿದ್ದಳು. ರಿಪೇರಿ ಮುಗಿದ ಮೇಲೆ ಒಂದು ಪುಟ್ಟ ಲೋಟ ಕಾಫಿ, ಅತ್ತೆಯ ಕೈಯ ಒಂದು ಸಿಗಾರ್. ಇಬ್ಬರೂ ತೂಗುಕುರ್ಚಿಯಲ್ಲಿ ಕೂತು ಒಂದೂವರೆ ಗಂಟೆ ಸೇದುತ್ತ, ಬೀದಿಯಲ್ಲಿ ಹೋಗುವವರನ್ನೆಲ್ಲ ಬೈಯುತ್ತಿದ್ದರು. ಎವಾರಿಸ್ತೋನ ವಾರ ಶುರುವಾಗುತ್ತಿದ್ದುದೇ ಅಲ್ಲಿಂದ.

ಉಳಿದ ಆರು ದಿನ ಅವನು ಸೇದುತ್ತಿದ್ದುದು ರೇಷನ್ ಅಂಗಡಿಯ ಒಂದು ಪೆಸೊ ಚುಟ್ಟ. ಅದರಲ್ಲಿ ಅವನಿಗೆ ನಾಚಿಕೆ ಇರಲಿಲ್ಲ. ದುಡ್ಡಿದ್ದವನು ಒಳ್ಳೆಯದನ್ನು ಕೊಳ್ಳುತ್ತಾನೆ, ಬುದ್ಧಿಯಿದ್ದವನು ಆರಿಸುತ್ತಾನೆ ಎಂಬುದು ಅವನ ವಾದ.

ಜಗುಲಿಗೆ ಹೋದಾಗ ಅನ್ಸೆಲ್ಮೋ ಆಗಲೇ ಬಂದು ಕೂತಿದ್ದ. ಕೂತಿದ್ದ ಎನ್ನುವುದಕ್ಕಿಂತ ಕುರ್ಚಿಯ ಅಂಚಿಗೆ ಅಂಟಿಕೊಂಡಿದ್ದ ಎನ್ನಬೇಕು, ಬಿಳಿ ಅಂಗಿಗೆ ಧೂಳು ತಾಗಬಾರದಲ್ಲ. ಅವನು ವಿನ್ಯಾಲೆಸ್‌ನಲ್ಲಿ ಪ್ರವಾಸಿಗರಿಗೆ ಕೋಣೆ ಬಾಡಿಗೆ ಕೊಡುತ್ತಿದ್ದ. ಬಂದವರು ಹೋಗುವಾಗ ಬಿಟ್ಟುಹೋದ ದುಬಾರಿ ಸಿಗಾರ್‌ಗಳಿಂದ ಅವನಿಗೆ ಹುಚ್ಚು ಹಿಡಿದಿತ್ತು. ದೇವದಾರು ಮರದ ಕಪಾಟು ಮಾಡಿಸಿದ್ದ. ಕಪಾಟಿನೊಳಗೆ ತೇವ ಅಳೆಯುವ ಮುಳ್ಳು. ತುದಿ ಕತ್ತರಿಸಲು ಒಂದು ಸಾಧನ, ಹಚ್ಚಲು ಉದ್ದನೆಯ ಕಡ್ಡಿ. ಉಂಗುರದ ಕಾಗದ ಸುತ್ತಿಲ್ಲದ ಸಿಗಾರ್ ಅವನ ಲೆಕ್ಕದಲ್ಲಿ ಬಟ್ಟೆಯಿಲ್ಲದ ಮನುಷ್ಯ.

ಅತ್ತೆಯ ಮಡಿಲಲ್ಲಿ ಐವತ್ತು ಸಿಗಾರ್‌ಗಳ ಗುಂಡನೆಯ ಕಟ್ಟು, ನಡುವಿಗೆ ಹಳದಿ ರೇಷ್ಮೆ ರಿಬ್ಬನ್. ಇಂಥ ಕಟ್ಟಿಗೆ ಕಾರ್ಖಾನೆಯವರು ಅರ್ಧಚಕ್ರ ಎನ್ನುತ್ತಾರೆ.

"ನೋಡ್ರೋ," ಎಂದು ಅತ್ತೆ ಬೆರಳು ಚಾಚಿದಳು. ಗಂಟುಗಂಟಾಗಿ ಒಣಶುಂಠಿಯ ಹಾಗಿದ್ದವು. "ಒಂದು ಕಾಲದಲ್ಲಿ ಇದನ್ನ ಅರ್ಧ ದಿನದಲ್ಲಿ ಸುತ್ತಿ ಎಸೀತಿದ್ದೆ. ಈ ಸಲ ನಾಲ್ಕು ತಿಂಗಳು ಹಿಡೀತು. ಇನ್ನಾಗಲ್ಲ. ನಿಮ್ಮಿಬ್ಬರಲ್ಲಿ ಒಬ್ಬನಿಗೆ ಕೊಡ್ತೀನಿ."

"ಅರ್ಧ ಅರ್ಧ ಮಾಡಿದ್ರಾಯ್ತಲ್ಲ," ಎಂದ ಅನ್ಸೆಲ್ಮೋ.

"ನಾನು ಬಿಗಿದ ರಿಬ್ಬನ್ ನಿಮ್ಮ ಜಗಳಕ್ಕೆ ಬಿಚ್ಚಲ್ಲ."

"ಹಂಗಾದ್ರೆ ನನಗೆ ಕೊಡು ಅತ್ತೆ. ಹತ್ತು ವರ್ಷ ಕಪಾಟಲ್ಲಿ ಹಣ್ಣಾಗಲಿ, ಆಮೇಲೆ ಅದರ ರುಚಿ ನೋಡು."

"ಹತ್ತು ವರ್ಷ," ಎಂದ ಎವಾರಿಸ್ತೋ. "ಅತ್ತೆಗೆ ಈಗಲೇ ಎಂಬತ್ತೇಳು. ಸಿಗಾರ್ ಹಣ್ಣಾಗೋದು ಯಾರಿಗೋಸ್ಕರ, ಜಿರಳೆಗಾ? ಇದು ಇಲ್ಲೇ, ಈ ಜಗುಲೀಲೇ ಸೇದೋ ಮಾಲು. ಭಾನುವಾರಕ್ಕೊಂದು. ವರ್ಷ ಪೂರ್ತಿ ಬರುತ್ತೆ."

"ನಿನ್ನ ನಾಲಿಗೆ ರೇಷನ್ ಚುಟ್ಟದ ಹೊಗೇಲಿ ಸತ್ತು ಹನ್ನೆರಡು ವರ್ಷ ಆಯ್ತು. ನಿನಗೆ ಕೊಡೋದೂ ಒಂದೇ, ಒಲೆಗೆ ಹಾಕೋದೂ ಒಂದೇ."

"ಏನಂದೆ?"

"ಸಾಕು," ಎಂದಳು ಅತ್ತೆ. ಎವಾರಿಸ್ತೋ ಎದ್ದವನು ಕೂತ. "ಬರೋ ತಿಂಗಳು ಕಾರ್ಖಾನೇಲಿ ಬೂದಿ ಪಂದ್ಯ ಇದೆಯಲ್ಲ. ಯಾರ ಬೂದಿ ಕೊನೇವರೆಗೆ ನಿಲ್ಲುತ್ತೋ ಅವನಿಗೆ. ಬೇರೆಯವರು ಗೆದ್ದರೆ ಗೆದ್ದುಕೊಳ್ಳಲಿ, ನಿಮ್ಮಿಬ್ಬರಲ್ಲಿ ಯಾರದು ಆಮೇಲೆ ಬೀಳುತ್ತೆ ಅಂತ ನಾನು ನೋಡೋದು. ಒಳ್ಳೇದನ್ನ ಆರಿಸೋಕೆ ಗೊತ್ತಿದ್ದವನ ಬೂದಿ ನಿಲ್ಲುತ್ತೆ, ಸೇದೋಕೆ ಗೊತ್ತಿದ್ದವನ ಬೂದಿ ನಿಲ್ಲುತ್ತೆ. ಬಾಯಿ ಮಾಡೋಕೆ ಬಂದವನದು ನಿಲ್ಲಲ್ಲ."

ಮನೆಗೆ ಬರುವ ದಾರಿಯಲ್ಲಿ ಎವಾರಿಸ್ತೋನಿಗೆ ನಿಧಾನವಾಗಿ ಭಯ ಹತ್ತಿತು. ಉದ್ದ ಬೂದಿ ನಿಲ್ಲಬೇಕಾದರೆ ಸಿಗಾರಿನ ಹೊಟ್ಟೆಯಲ್ಲಿ ಉದ್ದುದ್ದ ಎಲೆ ಮಡಿಸಿ ಇಟ್ಟಿರಬೇಕು. ರೇಷನ್ ಚುಟ್ಟದ ಹೂರಣ ಬರೀ ಚೂರುಪಾರು. ಎರಡು ಬೆರಳು ಉರಿಯುವಷ್ಟರಲ್ಲಿ ಬೂದಿ ಉದುರಿ ಮಡಿಲಿಗೆ ಬೀಳುತ್ತದೆ. ಅವನ ಅಂಗಿಗಳಲ್ಲೆಲ್ಲ ಸಣ್ಣಸಣ್ಣ ತೂತಿರುವುದು ಅದರಿಂದಲೇ.

"ಒಂದು ಒಳ್ಳೇದನ್ನ ತಗೊಂಬಿಡು," ಎಂದಳು ನೀವೆಸ್. "ಒಂದು ಸಲಕ್ಕೆ ಏನಾಗುತ್ತೆ?"

"ಇಪ್ಪತ್ತು ವರ್ಷ ಅವನೆದುರಿಗೆ ಒಂದು ಪೆಸೊ ಚುಟ್ಟಾನೇ ಸಾಕು ಅಂತ ವಾದ ಮಾಡಿದೀನಿ. ಈಗ ಉಂಗುರ ಹಾಕಿದ್ದನ್ನ ಹಿಡ್ಕೊಂಡು ಹೋಗ್ಲಾ?"

"ಅಂದ್ರೆ ಸೋತರೂ ಪರವಾಗಿಲ್ಲ, ಮಾತು ಗೆಲ್ಲಬೇಕು."

"ಎರಡೂ ಗೆಲ್ತೀನಿ."

"ಸರಿ. ಅಂಗಿ ಹೊಲಿಯೋಳು ನಾನು ತಾನೆ."

ಮಾರನೇ ದಿನದಿಂದ ಬೇಟೆ ಶುರುವಾಯಿತು. ಟ್ರ್ಯಾಕ್ಟರ್ ರಿಪೇರಿಗೆಂದು ಯಾವ ಊರಿಗೆ ಹೋದರೂ ಮೊದಲು ಅಲ್ಲಿನ ರೇಷನ್ ಅಂಗಡಿಗೆ ನುಗ್ಗುತ್ತಿದ್ದ. ಚುಟ್ಟದ ಕಟ್ಟು ಬಿಚ್ಚಿಸಿ ಒಂದೊಂದನ್ನೇ ಹೆಬ್ಬೆರಳು ಮತ್ತು ಎರಡು ಬೆರಳಿನ ನಡುವೆ ಹಿಡಿದು, ಕಾಲಿನಿಂದ, ಅಂದರೆ ಹಚ್ಚುವ ತುದಿಯಿಂದ, ಬಾಯಿಗಿಡುವ ತಲೆಯವರೆಗೆ ಮೆತ್ತಗೆ ಒತ್ತುತ್ತ ಹೋಗುವುದು. ಮೆದುವಾಗಿ ತಗ್ಗಿದರೆ ಒಳಗೆ ಖಾಲಿ, ಉರಿ ಓಡುತ್ತದೆ. ಗಟ್ಟಿ ಗಂಟು ಸಿಕ್ಕರೆ ಉಸಿರು ಕಟ್ಟುತ್ತದೆ. ಎರಡೂ ಇಲ್ಲದಿದ್ದರೆ ಕಾಲನ್ನು ಬೆಳಕಿಗೆ ಹಿಡಿದು ನೋಡುವುದು. ಪುಡಿ ಕಂಡರೆ ವಾಪಸ್. ಪುಸ್ತಕದ ಹಾಳೆ ಮಡಿಸಿದಂತೆ ಎಲೆ ಮಡಿಕೆ ಕಂಡರೆ ಜೇಬಿಗೆ.

"ಚುಟ್ಟ ತಗೋತಿದೀಯೋ, ಹೆಣ್ಣು ನೋಡೋಕೆ ಬಂದಿದೀಯೋ?" ಎಂದು ಕೇಳಿದ ಸಾನ್ ಹುವಾನ್‌ನ ಅಂಗಡಿಯವನು. ಹಿಂದೆ ಅಕ್ಕಿಗೆ ನಿಂತಿದ್ದ ಹೆಂಗಸರು ಗೊಣಗುತ್ತಿದ್ದರು.

"ಹೆಣ್ಣು ಇಷ್ಟು ನೋಡಿರಲಿಲ್ಲ," ಎಂದ ಎವಾರಿಸ್ತೋ. "ಅದಕ್ಕೇ ಈಗ ಅಂಗಿ ಹೊಲಿಯುವಾಗಲೆಲ್ಲ ಬೈಸಿಕೊಳ್ತೀನಿ."

ನೂರರಲ್ಲಿ ತೊಂಬತ್ತೊಂಬತ್ತು ಕಸ. ಆದರೆ ಸುತ್ತುವವರೂ ಮನುಷ್ಯರೇ. ಯಾವನಿಗೋ ಒಂದು ಬೆಳಿಗ್ಗೆ ಮನೆಯಲ್ಲಿ ಜಗಳವಾಗಿರುವುದಿಲ್ಲ. ಅಂಥ ದಿನ ಕೈಗೆ ಸಿಕ್ಕ ಒಳ್ಳೆಯ ಎಲೆಯನ್ನು ಹರಿದು ಚೂರು ಮಾಡಲು ಮನಸ್ಸು ಬಾರದೆ, ಉದ್ದಕ್ಕೇ ಮಡಿಸಿ ಸುತ್ತಿಬಿಡುತ್ತಾನೆ. ಆ ಒಂದು ಚುಟ್ಟ ಒಂದೇ ಪೆಸೊಗೆ ಕಸದ ನಡುವೆ ಕೂತಿರುತ್ತದೆ. ಅದನ್ನು ಹುಡುಕುವುದೇ ಎವಾರಿಸ್ತೋನ ಬಾಳಿನ ಶೋಕಿ. ಅನ್ಸೆಲ್ಮೋನಿಗೆ ಅದು ಎಂದೂ ಅರ್ಥವಾಗಿರಲಿಲ್ಲ. ಪೆಟ್ಟಿಗೆ ತೆರೆದರೆ ಇಪ್ಪತ್ತೈದೂ ಒಂದೇ ತರ ಇರುವ ಸಿಗಾರ್‌ನಲ್ಲಿ ಆರಿಸುವುದೇನಿದೆ?

ಇಪ್ಪತ್ತು ದಿನದಲ್ಲಿ ಐದು ಸಿಕ್ಕವು. ನಾಲ್ಕನ್ನು ಪರೀಕ್ಷೆಗೆಂದು ಸೇದಿದ. ಒಂದು ಅಡ್ಡ ಉರಿಯಿತು, ಎರಡು ಅರ್ಧಕ್ಕೆ ಬಾಗಿದವು. ನಾಲ್ಕನೆಯದರ ಬೂದಿ ಏಳು ಸೆಂಟಿಮೀಟರ್ ನಿಂತಿತು. ಅಷ್ಟರಲ್ಲಿ ನೀವೆಸ್ ಬಾಗಿಲು ಬಡಿದಳು, ಬಿತ್ತು. ಆ ದಿನ ಆ ಮನೆಯಲ್ಲಿ ಊಟ ತಡವಾಯಿತು. ಅದೇ ಕಟ್ಟಿನಿಂದ ಬಂದ, ಅದೇ ಕೈ ಮುಚ್ಚಿದ ತಲೆಯಿದ್ದ ಇನ್ನೊಂದನ್ನು ತಾಳೆಮರದ ಹಾಳೆಯಲ್ಲಿ ಸುತ್ತಿ ನೀರಿನ ಹೂಜಿಯ ಪಕ್ಕ ಇಟ್ಟ. ದೇವದಾರು ಕಪಾಟು ಮಾಡುವ ಕೆಲಸವನ್ನು ತಾಳೆಹಾಳೆ ಪುಕ್ಕಟೆ ಮಾಡುತ್ತದೆ.

ಪಂದ್ಯ ಭಾನುವಾರ ಮಧ್ಯಾಹ್ನ. ಕಾರ್ಖಾನೆಯ ಹಜಾರದಲ್ಲಿ ಫ್ಯಾನು ಆರಿಸಿ ಕಿಟಕಿ ಮುಚ್ಚಿದ್ದರು. ಶಾಲೆಯ ಹಾಗೆ ಸಾಲುಸಾಲು ಮೇಜು. ಅರವತ್ತು ಜನ ಸುತ್ತುವವರು ರಜೆಯ ದಿನವೂ ಅವರವರ ಮೇಜಿನಲ್ಲೇ ಕೂತಿದ್ದರು. ಎಲೆ ಕತ್ತರಿಸುವ ಅರ್ಧಚಂದ್ರದ ಅಲಗು ಅವರವರ ಮುಂದೆಯೇ ಇತ್ತು. ಅತ್ತೆಗೆ ಅವಳ ಹಳೆಯ ಜಾಗ, ಮುಂದಿನ ಸಾಲು. ಅವಳೆದುರಿನ ಉದ್ದ ಮೇಜಿನಲ್ಲಿ ಪಂದ್ಯದವರು ಹನ್ನೊಂದು ಮಂದಿ.

ಎತ್ತರದ ಕಟ್ಟೆಯ ಮೇಲೆ ಹೆರ್ತ್ರೂದಿಸ್. ಅವಳ ಕೆಲಸ ಓದುವುದು. ಕೆಲಸದ ದಿನ ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕತೆ. ಸುತ್ತುವವರ ಕಿವಿಗೆ ಬೇಸರ ಬಾರದಂತೆ ಇಪ್ಪತ್ತೆರಡು ವರ್ಷದಿಂದ ಓದುತ್ತಿದ್ದಾಳೆ. ಒಂದು ಅಧ್ಯಾಯ ಚೆನ್ನಾಗಿ ಮುಗಿದರೆ ಚಪ್ಪಾಳೆಗೆ ಕೈ ಖಾಲಿ ಇರುವುದಿಲ್ಲ, ಎಲ್ಲರೂ ಅಲಗನ್ನು ಮೇಜಿಗೆ ಪಟಪಟ ಬಡಿಯುತ್ತಾರೆ. ಚೆನ್ನಾಗಿಲ್ಲದಿದ್ದರೆ ಅಲಗನ್ನು ನೆಲಕ್ಕೆ ಬೀಳಿಸುತ್ತಾರೆ. ಇವತ್ತು ಅವಳೇ ತೀರ್ಪುಗಾರ್ತಿ. ಕೈಯಲ್ಲಿ ಗಂಟೆ ಮತ್ತು ಅಡಿಪಟ್ಟಿ. ಗಂಟೆ ಹೊಡೆದಾಗಲೆಲ್ಲ ಎಲ್ಲರೂ ಒಂದು ದಮ್ಮು ಎಳೆಯಲೇಬೇಕು.

ಅನ್ಸೆಲ್ಮೋ ಕುರ್ಚಿಯನ್ನು ಮೇಜಿನಿಂದ ಒಂದು ಗಜ ಹಿಂದಕ್ಕೆ ಎಳೆದುಕೊಂಡ. ಮೇಜಿನ ಮೇಲೆ ಎಲೆಯ ಧೂಳಿತ್ತು. ಮಂಡಿಯ ಮೇಲೆ ಕರವಸ್ತ್ರ ಹಾಸಿ ಅದರ ಮೇಲೆ ಮೊಳಕೈ ಊರಿದ.

"ಯಾಕೋ, ಮೇಜು ಕಚ್ಚುತ್ತಾ?" ಎಂದ ಎವಾರಿಸ್ತೋ, ತನ್ನ ಎರಡೂ ಮೊಳಕೈಗಳನ್ನು ಹಲಗೆಗೆ ಭದ್ರವಾಗಿ ಊರುತ್ತ.

"ಅಂಗಿ ಹೊಸದು."

"ಮದುಮಗ ಬಂದ ನೋಡ್ರಪ್ಪಾ."

ಹಿಂದಿನ ಸಾಲು ನಕ್ಕಿತು. ಆದರೆ ಎವಾರಿಸ್ತೋ ತಾಳೆಹಾಳೆ ಬಿಚ್ಚಿ ಚುಟ್ಟ ತೆಗೆದಾಗ ಇಡೀ ಹಜಾರ ಇನ್ನೂ ಜೋರಾಗಿ ನಕ್ಕಿತು. ಅನ್ಸೆಲ್ಮೋ ನಗಲಿಲ್ಲ, ಪಾಪ ಎನ್ನುವಂತೆ ನೋಡಿದ. ಅದು ನಗುವಿಗಿಂತ ಕೆಟ್ಟದ್ದು.

ಹಚ್ಚಿದರು. ಎರಡು ಸೆಂಟಿಮೀಟರಿಗೆ ಮೂವರು ಹೋದರು. ಐದಕ್ಕೆ ನಾಲ್ವರು. ಊರಿನ ಔಷಧದಂಗಡಿಯವನು ಸೀನಿ ಹೋದ. ಏಳಕ್ಕೆ ಬರುವಷ್ಟರಲ್ಲಿ ಉಳಿದವರು ಮೂವರು, ಎಂಟಕ್ಕೆ ದಾಯಾದಿಗಳಿಬ್ಬರೇ. ಇಬ್ಬರೂ ತಲೆ ಹಿಂದಕ್ಕೆ ವಾಲಿಸಿ, ಸಿಗಾರನ್ನು ಸೂರಿಗೆ ನೆಟ್ಟಗೆ ಹಿಡಿದು, ಬಾಯಿ ಕೆಳಗಿಂದ ಒಯ್ದು ದಮ್ಮೆಳೆಯುತ್ತಿದ್ದರು. ಈಗ ಯಾರೂ ನಗುತ್ತಿರಲಿಲ್ಲ. ಎವಾರಿಸ್ತೋನ ಬೂದಿ ಉಕ್ಕಿನಂತೆ ಬೂದುಬಣ್ಣಕ್ಕಿತ್ತು, ಒಂದು ಬಿರುಕಿಲ್ಲ. ಯಾವ ಊರಿನ ಯಾವ ಮಹಾನುಭಾವನೋ ಸುತ್ತಿದ್ದು, ಅವನ ಕೈಗೆ ನೂರು ವರ್ಷ ಆಯುಸ್ಸಿರಲಿ ಎಂದು ಎವಾರಿಸ್ತೋ ಮನಸ್ಸಿನಲ್ಲೇ ಹರಸಿದ. ಚುಟ್ಟ ಬಾಯಿಗೆ ಸ್ವಲ್ಪ ಕಾರವಾಗಿತ್ತು, ಹಿಂದೆ ಸುಟ್ಟ ಬೆಲ್ಲದ ವಾಸನೆ. ಪಂದ್ಯವಲ್ಲದೆ ಬೇರೆ ದಿನವಾಗಿದ್ದರೆ ಕಣ್ಣು ಮುಚ್ಚಿ ಸೇದುವಂಥದ್ದು.

ಓರೆಗಣ್ಣಲ್ಲಿ ಅತ್ತೆಯನ್ನು ನೋಡಿದ. ಅವಳು ಮೇಜಿನ ಅಂಚು ಹಿಡಿದು ಅವನ ಬೂದಿಯನ್ನೇ ನೋಡುತ್ತಿದ್ದಳು. ಅವಳ ಪಕ್ಕ ಅರ್ಧಚಕ್ರ.

ಗಂಟೆ ಹೊಡೆಯಿತು. ಇಬ್ಬರೂ ಎಳೆದರು. ಹೆರ್ತ್ರೂದಿಸ್ ಕಟ್ಟೆಯಿಂದ ಇಳಿದು ಬೆಕ್ಕಿನ ಹೆಜ್ಜೆಯಲ್ಲಿ ಬಂದು ಅನ್ಸೆಲ್ಮೋನದನ್ನು ಅಳೆದಳು.

"ಒಂಬತ್ತು."

ಆಮೇಲೆ ಎವಾರಿಸ್ತೋನದು. ಅಡಿಪಟ್ಟಿ ಹಿಡಿದಳು, ಕನ್ನಡಕ ಸರಿಪಡಿಸಿಕೊಂಡಳು, ಮತ್ತೆ ಹಿಡಿದಳು.

"ರೇಷನ್ ಅಂಗಡಿಯ ಚುಟ್ಟ," ಎಂದು ಅವಳು ಶುರುಮಾಡಿದಳು. "ಬೆಲೆ ಒಂದು ಪೆಸೊ." ಒಂದು ಕ್ಷಣ ನಿಲ್ಲಿಸಿದಳು. ಆಮೇಲೆ ದನಿಯನ್ನು ತಗ್ಗಿಸಿ, ಇಪ್ಪತ್ತೆರಡು ವರ್ಷದಿಂದ ಅಧ್ಯಾಯದ ಕೊನೆಯ ಸಾಲನ್ನು ಹೇಗೆ ಓದುತ್ತಿದ್ದಳೋ ಹಾಗೇ ಓದಿದಳು. "ಹತ್ತೂವರೆ ಸೆಂಟಿಮೀಟರ್."

ತಪ್ಪಾದದ್ದು ಅಲ್ಲೇ. ಆ ದನಿ ಕೇಳಿದ ಮೇಲೆ ಕೈ ಸುಮ್ಮನಿರುವುದು ಆ ಹಜಾರದಲ್ಲಿ ಯಾರಿಗೂ ಗೊತ್ತಿಲ್ಲ. ಮೊದಲು ಮುಂದಿನ ಸಾಲಿನಲ್ಲಿ ಒಂದು ಅಲಗು ಮೇಜಿಗೆ ಬಡಿಯಿತು. ಅದರ ಹಿಂದೆ ಅರವತ್ತು. ಪಟಪಟಪಟ ಎಂದು ಇಡೀ ಹಜಾರ ಅದುರಿತು. ಉದ್ದ ಮೇಜು ನಡುಗಿತು, ಮೇಜಿನ ನಡುಕ ಮೊಳಕೈಗೆ, ಮೊಳಕೈಯಿಂದ ಬೆರಳಿಗೆ. ಹತ್ತೂವರೆ ಸೆಂಟಿಮೀಟರ್ ಬೂದಿ ಸದ್ದಿಲ್ಲದೆ ಎವಾರಿಸ್ತೋನ ಮಡಿಲಿಗೆ ಬಿತ್ತು.

ಮೇಜು ಮುಟ್ಟದೆ ಮಂಡಿಯ ಮೇಲೆ ಮೊಳಕೈ ಊರಿದ್ದ ಅನ್ಸೆಲ್ಮೋನ ಬೂದಿ ಸ್ವಲ್ಪ ವಾಲಿ, ಹಾಗೇ ನಿಂತಿತು.

ಬಡಿತ ನಿಂತಾಗ ಎಲ್ಲರೂ ತಂತಮ್ಮ ಕೈಯನ್ನು ಬೇರೆಯವರದೆಂಬಂತೆ ನೋಡಿಕೊಂಡರು. ಎವಾರಿಸ್ತೋ ಎದ್ದ. ಸ್ಟೂಲು ಉರುಳಿತು.

"ಯಾವನು ಮೊದಲು ಹೊಡೆದವನು?"

ಅರವತ್ತು ಜೊತೆ ಕಣ್ಣು ಮುಂದಿನ ಸಾಲಿಗೆ ಹೋದವು. ಅತ್ತೆ ತನ್ನ ಹಳೆಯ ಅಲಗನ್ನು ಮೆಲ್ಲಗೆ ಏಪ್ರನ್ನಿನ ಜೇಬಿಗೆ ಇಳಿಸುತ್ತಿದ್ದಳು.

"ನಾನೇ ಕಣೋ," ಎಂದಳು. "ಕೈ ನನ್ನ ಮಾತು ಕೇಳಲಿಲ್ಲ. ಐವತ್ತೊಂದು ವರ್ಷದ ಚಾಳಿ."

"ಇನ್ನೊಂದು ಸಲ ಹಚ್ಚೋಣ ಬಿಡು," ಎಂದ ಅನ್ಸೆಲ್ಮೋ. ಅವನ ಮುಖವೂ ಬಾಡಿತ್ತು. "ಇದು ಗೆಲುವಲ್ಲ."

"ಬಿದ್ದ ಬೂದಿ ವಾಪಸ್ ಅಂಟುತ್ತೇನೋ? ಆಡಿದ ಮಾತು ಆಡಿದ್ದೇ. ತಗೋ." ಅತ್ತೆ ಅರ್ಧಚಕ್ರವನ್ನು ಅವನ ಕೈಗಿಟ್ಟಳು. ಕೊಡುವಾಗ ಬೆರಳು ರಿಬ್ಬನ್ನಿನ ಮೇಲೆ ಒಂದು ಗಳಿಗೆ ನಿಂತಿತು.

ಎವಾರಿಸ್ತೋ ಪ್ಯಾಂಟು ಕೊಡವಿ ಹೊರಟ. ಉಳಿದ ಚುಟ್ಟವನ್ನು ಮಾತ್ರ ಬಿಡಲಿಲ್ಲ. ದಾರಿಯುದ್ದಕ್ಕೂ ಬೈಯುತ್ತ ಸೇದಿ ಮುಗಿಸಿದ.

ಮುಂದಿನ ಭಾನುವಾರ ಅವನು ಅತ್ತೆಯ ಮನೆಗೆ ಹೋಗಲಿಲ್ಲ. ಬೆಳಿಗ್ಗೆಯಿಂದ ಮನೆಯಲ್ಲೇ ಕೂತು ಸರಿಯಿದ್ದ ರೇಡಿಯೊ ಬಿಚ್ಚಿದ.

"ಅತ್ತೆ ಪಂಪು ಸೋರ್ತಿದೆಯಂತೆ," ಎಂದಳು ನೀವೆಸ್.

"ಸೋರಲಿ."

"ರೇಡಿಯೊ ಕೂಡಾ ಹಾಳುಮಾಡಿ ಆಯ್ತು. ಇನ್ನು ಉಳಿದಿರೋಳು ನಾನೊಬ್ಬಳು. ಹೋಗು, ಅಲ್ಲಿ ಹೋಗಿ ಜಗಳ ಆಡು. ಇಲ್ಲಿ ಕೂತು ಉಸ್ ಉಸ್ ಅನ್ನಬೇಡ."

ಜಗಳ ಆಡಬೇಕೆಂದೇ ಹೋದ. ಜಗುಲಿಯಲ್ಲಿ ಅತ್ತೆ ಖಾಲಿ ಹಲಗೆಯ ಮುಂದೆ ಕೂತಿದ್ದಳು. ಪಂಪು ಸೋರುತ್ತಿರಲಿಲ್ಲ.

"ನೀನು ನನ್ನ ಸೋಲಿಸಿದೆ," ಎಂದ ಎವಾರಿಸ್ತೋ, ಕೂರದೆ. "ಅದಕ್ಕೆ ದಂಡ ಕೊಡು."

"ಏನು ಕೊಡಲಿ? ಸಿಗಾರ್ ಒಂದೂ ಇಲ್ಲ."

"ಎಲೆ ಇಲ್ವಾ?"

"ಎಲೆ ಇದೆ. ಎರಡು ಗಂಟು ಒಳಗೆ ಬಿದ್ದಿದೆ. ಬೆರಳಿಲ್ಲ."

"ಬಾಯಿದೆ ತಾನೆ ನಿನಗೆ? ಬೆರಳು ನನ್ನವು." ಅವನು ಗ್ರೀಸು ಹಿಡಿದ ಎರಡು ಕೈಗಳನ್ನು ಚಾಚಿದ. "ನನ್ನ ಬೂದಿ ಬೀಳಿಸಿದ ಅಲಗು ಕೊಡು ಇಲ್ಲಿ."

ಅತ್ತೆ ಆ ಕೈಗಳನ್ನು ತಿರುಗಿಸಿ ನೋಡಿದಳು. "ಆ ಕೈಯಲ್ಲಿ ನನ್ನ ಎಲೆ ಮುಟ್ಟಿದ್ರೆ ಕಡಿದುಹಾಕ್ತೀನಿ," ಎಂದಳು. "ಹೋಗಿ ಸೋಪು ಹಾಕಿ ಮೂರು ಸಲ ತೊಳಿ. ಉಗುರಿನ ಸಂದಿ ಕೂಡಾ."

ಆ ಮಧ್ಯಾಹ್ನ ಬೀದಿಯಲ್ಲಿ ಹೋದವರು ಯಾರೂ ಬೈಸಿಕೊಳ್ಳಲಿಲ್ಲ. ಅತ್ತೆಯ ಬೈಗುಳವೆಲ್ಲ ಒಬ್ಬನಿಗೇ ಸಾಲಲಿಲ್ಲ. ಹಿಂಡಬೇಡ, ಅದೇನು ಒದ್ದೆ ಬಟ್ಟೆಯಾ. ಮಡಿಸು, ಮಡಿಸು, ಗಾಳಿಗೆ ದಾರಿ ಬಿಡು ಕತ್ತೇ. ಹೊದಿಕೆ ಎಲೆ ಬೋಲ್ಟಲ್ಲ ಕಣೋ, ತಿರುಚಬೇಡ. ಸಂಜೆಯ ಹೊತ್ತಿಗೆ ಒಂದು ಸಿಗಾರ್ ಆಯಿತು. ನಡು ದಪ್ಪ, ತುದಿ ಸೊಟ್ಟ, ಕಪ್ಪೆ ನುಂಗಿದ ಹಾವಿನ ಹಾಗೆ. ಹಚ್ಚಿದರೆ ಹೊಗೆಯೇ ಬರಲಿಲ್ಲ. ಇಬ್ಬರೂ ಸರದಿಯಲ್ಲಿ ಎಳೆದು ಎಳೆದು ಸುಸ್ತಾಗಿ, ಕೊನೆಗೆ ಅತ್ತೆ ನಗಲು ಶುರುಮಾಡಿದಳು. ಕೆಮ್ಮು ಬರುವವರೆಗೂ ನಕ್ಕಳು.

ಆರನೇ ಭಾನುವಾರ ಜಗುಲಿಯ ಮುಂದೆ ಅನ್ಸೆಲ್ಮೋ ಬಂದು ನಿಂತ. ಕೈ ಖಾಲಿ, ಅದೇ ಬಿಳಿ ಅಂಗಿ.

"ಹೇಗಿದೆ ಅತ್ತೆ ಸುತ್ತಿದ್ದು?" ಎಂದ ಎವಾರಿಸ್ತೋ, ಹಲಗೆಯಿಂದ ತಲೆಯೆತ್ತದೆ.

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ರಿಬ್ಬನ್ ಬಿಚ್ಚಿಲ್ಲ. ಒಂದು ಹಚ್ಚಿದರೆ ನಲವತ್ತೊಂಬತ್ತಾಗುತ್ತೆ." ಅವನು ಮೆಟ್ಟಿಲ ಮೇಲೆ ಕೂತ. ಕರವಸ್ತ್ರ ಹಾಸುವುದನ್ನು ಮರೆತ. "ದಿನಾ ಕಪಾಟು ತೆಗೆದು ಮೂಸಿ ಮುಚ್ಚಿಡ್ತೀನಿ. ಹೆಂಡತಿ ನಗ್ತಾಳೆ."

ಎವಾರಿಸ್ತೋ ಏನೋ ಕಟುವಾಗಿ ಹೇಳಲು ಬಾಯಿ ತೆರೆದ. ಅತ್ತೆಯ ಕಣ್ಣು ನೋಡಿ ಮುಚ್ಚಿದ. ಹಲಗೆಯ ಮೇಲಿದ್ದ ಎರಡರಲ್ಲಿ ಸ್ವಲ್ಪ ನೆಟ್ಟಗಿದ್ದುದನ್ನು ಎತ್ತಿ ಅವನತ್ತ ಎಸೆದ.

ಅನ್ಸೆಲ್ಮೋ ಅದನ್ನು ಹಿಡಿದು, ಕಾಲಿನಿಂದ ತಲೆಯವರೆಗೆ ಒತ್ತಿ ನೋಡಿದ.

"ಮಧ್ಯದಲ್ಲಿ ಏನಿಟ್ಟಿದೀಯ, ನಟ್ಟಾ?"

"ಬೇಡದಿದ್ರೆ ವಾಪಸ್ ಕೊಡು."

ಕೊಡಲಿಲ್ಲ. ತುದಿಯನ್ನು ಹಲ್ಲಿನಿಂದಲೇ ಕಚ್ಚಿ ಉಗುಳಿದ, ಎವಾರಿಸ್ತೋನ ಕಡ್ಡಿಪೆಟ್ಟಿಗೆಯಿಂದಲೇ ಹಚ್ಚಿದ. ನಾಲ್ಕು ದಮ್ಮು ಕಣ್ಣು ಮುಚ್ಚಿ ಎಳೆದ. ಒಂದು ಬೆರಳು ಬೂದಿ ನಿಂತಿತು, ಆಮೇಲೆ ಬಿಳಿ ಅಂಗಿಯ ಎದೆಯ ಮೇಲೆ ಚೆಲ್ಲಿತು. ಮೂವರೂ ಅದನ್ನು ನೋಡಿದರು. ಅನ್ಸೆಲ್ಮೋ ಕೊಡವಿಕೊಳ್ಳಲಿಲ್ಲ.

"ಇದು ರೇಷನ್ ಅಂಗಡಿದಕ್ಕಿಂತ ಕೆಟ್ಟದಾಗಿದೆ," ಎಂದ.

"ಗೊತ್ತು."

"ಆದರೆ ಹಿಂದೆ ಎಲ್ಲೋ ಅತ್ತೆ ಎಲೆಯ ವಾಸನೆ ಬರುತ್ತೆ." ಇನ್ನೊಂದು ದಮ್ಮು ಎಳೆದ. "ಹಲಗೆ ಮೇಲಿದೆಯಲ್ಲ, ಅದು?"

"ಅದು ಇದಕ್ಕಿಂತ ಕೆಟ್ಟದು."

"ಇರಲಿ, ಎತ್ತಿಡು. ಮುಂದಿನ ಭಾನುವಾರ ಬಂದು ಸೇದ್ತೀನಿ. ಬರುವಾಗ ರಿಬ್ಬನ್ ಕಟ್ಟಿದ್ದನ್ನೂ ತರ್ತೀನಿ. ನನ್ನ ಕೈಲಿ ಅದನ್ನ ಬಿಚ್ಚೋಕಾಗಲ್ಲ, ಅತ್ತೆನೇ ಬಿಚ್ಚಲಿ."

"ಬರೋ ಹಾಗಿದ್ರೆ ಹಳೇ ಅಂಗಿ ಹಾಕ್ಕೊಂಡು ಬಾ," ಎಂದಳು ಅತ್ತೆ. ಆಮೇಲೆ ಎವಾರಿಸ್ತೋನ ಕಡೆ ತಿರುಗಿದಳು. "ನೀನ್ಯಾಕೋ ಬಾಯಿ ಬಿಟ್ಕೊಂಡು ಕೂತೆ? ಸುತ್ತು."